ನೀರಿಗೆ ಹೆಪ್ಪು ಹಾಕಿದವಳು

ಅವಳ ಬಲಗೈ ಮೊಣಕೈಯವರೆಗೆ ಯಾವಾಗಲೂ ಒದ್ದೆ. ಬೆರಳ ತುದಿಗಳು ರಾಶಿ ಬಟ್ಟೆ ಒಗೆದು ಎದ್ದವರ ಬೆರಳಿನಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಮುಂಗೈ ಮೇಲೆ ಎಲ್ಲೋ ಒಂದೆರಡು ಮೀನಿನ ಹುರುಪೆ ಅಂಟಿಕೊಂಡು ಬಿಸಿಲಿಗೆ ಮಿನುಗುತ್ತಿತ್ತು. ಎಡಗೈ ಮಾತ್ರ ಒಣಗಿರುತ್ತಿತ್ತು. ಎಲೆಅಡಿಕೆ ಚೀಲ, ಚಿಲ್ಲರೆ, ಸೆರಗು ಎಲ್ಲಕ್ಕೂ ಅದೇ ಕೈ. “ಒದ್ದೆ ಕೈ ಮೀನಿಗೆ, ಒಣಗಿದ ಕೈ ಮನುಷ್ಯರಿಗೆ” ಎನ್ನುತ್ತಿದ್ದಳು. ಒಣಗಿದ ಕೈಯಲ್ಲಿ ಜೀವಂತ ಮೀನು ಹಿಡಿದರೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಅದಕ್ಕೆ ಉರಿಯಾಗುತ್ತದೆ ಎಂಬುದು ಅವಳ ಲೆಕ್ಕ. ಮಧ್ಯಾಹ್ನದೊಳಗೆ ಯಾರದೋ ಸಾರಿಗೆ ಬೀಳುವ ಮೀನಿಗೂ ಈ ಮರ್ಯಾದೆ ತಪ್ಪುತ್ತಿರಲಿಲ್ಲ.

ಹಳೇಬೀಡಿನ ಕೆರೆ ಏರಿಯ ಕೆಳಗೆ, ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಹೊಂಗೆಮರ. ಅದರ ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಟಬ್ಬು ಇಟ್ಟುಕೊಂಡು ಅವಳು ಮೀನು ಮಾರುತ್ತಿದ್ದಳು. ಮರದ ಹಿಂದೆಯೇ ಅವಳ ಹೆಂಚಿನ ಮನೆ. ಊರಿಗೆಲ್ಲ ಅವಳು ಮೀನಜ್ಜಿ. ದೇವಸ್ಥಾನ ನೋಡಲು ಬಂದವರು ಕೆಲವರು ಅವಳ ಫೋಟೋ ತೆಗೆಯುತ್ತಿದ್ದರು. “ನನ್ನೇನು ಕಲ್ಲಲ್ಲಿ ಕೆತ್ತವ್ರೇನ್ರಪ್ಪಾ? ಪಟ ಹಿಡ್ಕಂಡಿದ್ದು ಸಾಕು, ಅರ್ಧ ಕೇಜಿ ಮೀನು ತಗಳ್ರಿ” ಎಂದು ಅವರನ್ನು ಪೇಚಿಗೆ ಸಿಕ್ಕಿಸುತ್ತಿದ್ದಳು. ಎದುರಿಗೆ ನಾನು ‘ನೀವು’ ಎನ್ನುತ್ತಿದ್ದೆ. ಬರೆಯಲು ಕೂತರೆ ‘ಅವಳು’ ಎಂದೇ ಬರುತ್ತಿದೆ. ನಮ್ಮ ಅಜ್ಜಿಯಂದಿರನ್ನು ನಾವು ನೆನೆಯುವುದು ಹಾಗೆಯೇ ಅಲ್ಲವೇ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೇಲೂರು ರಸ್ತೆಯ ಹಳ್ಳಿಯೊಂದರಲ್ಲಿ ಶಾಲೆ, ಹಳೇಬೀಡಿನಲ್ಲಿ ಮನೆ. ಯಜಮಾನರಿಗೆ ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಇಬ್ಬರ ಆಯುಷ್ಯವೂ ಅರ್ಧ ಬಸ್ಸಿನಲ್ಲಿ. ಮನೆಯ ಹಿಂದೆ ಒಂದಿಷ್ಟು ಜಾಗವಿತ್ತು. ಸೊಪ್ಪು ತರಕಾರಿ ಬೆಳೆಯೋಣವೆಂದರೆ ಬೇಸಿಗೆಯಲ್ಲಿ ಬೋರಿನ ನೀರು ಕುಡಿಯುವುದಕ್ಕೇ ಸಾಲದು. ನಾಲ್ಕು ವರ್ಷದ ಹಿಂದೆ ಒಂದು ರಜೆಯಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಒಂದು ತೊಟ್ಟಿಯಲ್ಲಿ ಮೀನು, ಅದರ ಪಕ್ಕ ಎತ್ತರದಲ್ಲಿ ಜಲ್ಲಿಕಲ್ಲು ತುಂಬಿದ ಮಡಿ. ಮೀನಿನ ತೊಟ್ಟಿಯ ನೀರನ್ನು ಪುಟ್ಟ ಮೋಟರು ಮಡಿಗೆ ಎತ್ತಿ ಹಾಕುತ್ತದೆ. ಮೀನಿನ ಗಲೀಜನ್ನು ಸೊಪ್ಪು ಉಂಡುಕೊಳ್ಳುತ್ತದೆ, ತಿಳಿಯಾದ ನೀರು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಅದೇ ನೀರು, ಸುತ್ತಿದ್ದೇ ಸುತ್ತಿದ್ದು. ಅಕ್ವಾಪೋನಿಕ್ಸ್ ಅಂತೆ. ಸಾರಜನಕ ಚಕ್ರವನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹದಿನೆಂಟು ವರ್ಷದಿಂದ ಪಾಠ ಮಾಡಿದವಳು ನಾನು. ಇದೇನು ಮಹಾ ಎನ್ನಿಸಿತು.

ಯಜಮಾನರು ಅರಸೀಕೆರೆಯಿಂದ ನೀಲಿ ಡ್ರಮ್ಮು ತಂದರು, ಉದ್ದುದ್ದಕ್ಕೆ ಸೀಳಿಸಿ ಎರಡು ಮಡಿ ಮಾಡಿಸಿದರು. ಸಾವಿರ ಲೀಟರಿನ ಹಳೆಯ ತೊಟ್ಟಿಯೊಂದು ಇತ್ತು. ಮಡಿಗೆ ಜಲ್ಲಿ ಯಾಕೆ, ತೆಂಗಿನ ಸಿಪ್ಪೆ ಚಿಪ್ಪು ತುಂಬೋಣ ಎಂದರು ಅವರು. ಅರಸೀಕೆರೆಯಲ್ಲಿ ಕೆಲಸ ಮಾಡುವವರಿಗೆ ಪ್ರಪಂಚದ ಸಕಲ ರೋಗಕ್ಕೂ ತೆಂಗೇ ಮದ್ದು. ತುಂಬಿದೆವು. ಎರಡು ದಿನದಲ್ಲಿ ತೊಟ್ಟಿಯ ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಅದನ್ನೆಲ್ಲ ಚೆಲ್ಲಿ, ಯಜಮಾನರನ್ನು ಬೈದು, ಕೊನೆಗೆ ಜಲ್ಲಿಯನ್ನೇ ತರಿಸಿದೆ.

ಮೀನು ಕೊಳ್ಳಲು ಹೋದಾಗಲೇ ಅಜ್ಜಿಯ ಪರಿಚಯವಾದದ್ದು. ಸಣ್ಣ ಜಿಲೇಬಿ ಮೀನು, ಜೀವ ಇರುವಂಥವು ಬೇಕು ಎಂದೆ.

“ಸಾರಿಗೋ, ಹುರಿಯಕ್ಕೋ?”

“ಸಾಕೋಕೆ ಅಜ್ಜಿ. ಅಕ್ವಾಪೋನಿಕ್ಸ್ ಅಂತ.”

“ಅಕ್ಕನ ಫೋನಾ?” ಎಂದಳು. ನಾನು ವಿವರಿಸಿದೆ. ಅಜ್ಜಿ ತಲೆದೂಗುತ್ತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಇಪ್ಪತ್ತು ಮೀನು ಎಣಿಸಿ ಬಿಂದಿಗೆಗೆ ಬಿಟ್ಟು, ಪಕ್ಕದಲ್ಲಿ ಕೂತಿದ್ದ ಹಣ್ಣಿನವಳಿಗೆ, “ಮೇಡಮ್ಮಾರು ಮೀನಿಗೆ ಇಸ್ಕೂಲ್ ಮಾಡ್ತಾರಂತೆ ಕಣೇ” ಎಂದಳು.

ತೊಟ್ಟಿಗೆ ನೀರು ತುಂಬಿದ ದಿನವೇ ಮೀನನ್ನೂ ಬಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಎಲ್ಲವೂ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಪಾಪ, ಹಸಿದಿವೆ ಎಂದುಕೊಂಡು ಎರಡು ಹಿಡಿ ತಿಂಡಿ ಹೆಚ್ಚಿಗೆ ಹಾಕಿ ಶಾಲೆಗೆ ಹೋದೆ. ಸಂಜೆ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

ಎರಡನೇ ಸಲ ಇನ್ನೂ ಇಪ್ಪತ್ತಮೂರು ತಂದೆ. ಈ ಸಲ ತಪ್ಪೇ ಆಗಬಾರದೆಂದು ನನಗೆ ಗೊತ್ತಿದ್ದ ದಾರಿಯಲ್ಲಿ ಜಾಗ್ರತೆ ಮಾಡಿದೆ. ಆ ದಾರಿ ಯಾವುದೆಂದು ಹೇಳಬೇಕಾದರೆ ಪಕ್ಕದ ಮನೆಯ ವಿಷಯ ಹೇಳಬೇಕು.

ಪಕ್ಕದ ಮನೆಯವರಿಗೆ ತೆಂಗು, ರಾಗಿ ಹೊಲ, ಕೊಟ್ಟಿಗೆ ತುಂಬ ದನ. ಆಗಲೇ ಹತ್ತು ವರ್ಷದಿಂದ ಕಾಂಪೌಂಡಿನ ಆಚೆಗೆ ಅವರು, ಈಚೆಗೆ ನಾವು. ಆ ಮನೆಯಾಕೆ “ಊಟ ಆಯ್ತಾ ಟೀಚರೇ?” ಎನ್ನುವುದು, ನಾನು “ಆಯ್ತು ಕಣ್ರೀ” ಎನ್ನುವುದು. ಅದರಾಚೆಗೆ ಮಾತೂ ದಾಟಿರಲಿಲ್ಲ, ಒಂದು ಬಟ್ಟಲೂ ದಾಟಿರಲಿಲ್ಲ. ನಮ್ಮ ಹಜಾರದಲ್ಲಿ ಬುದ್ಧನ ಪಟವಿದೆ. ನಾವು ಯಾವ ಕೇರಿಯಿಂದ ಬಂದವರೆಂದು ತಿಳಿಯಲು ಊರಿಗೆ ಅಷ್ಟು ಸಾಕು. ಮೊದಲ ಸಲ ಮೀನು ಸತ್ತ ಮಾರನೇ ದಿನ ಆಕೆ ಕಾಂಪೌಂಡಿನ ಮೇಲಿಂದ ಇಣುಕಿ, “ಏನೋ ವಾಸ್ನೆ ಬತ್ತೈತಲ್ಲ ಟೀಚರೇ” ಎಂದಿದ್ದರು. ಅಷ್ಟೇ ಮಾತು. ಬೇರೆಯವರಾಗಿದ್ದರೆ ‘ಹೂಂ ಕಣ್ರೀ, ಮೀನು ಸತ್ತೋಯ್ತು’ ಎಂದು ಸುಮ್ಮನಾಗುತ್ತಿದ್ದರೇನೋ. ನನಗೆ ಮೈಯೆಲ್ಲ ಬಿಸಿಯಾಯಿತು.

ನಮ್ಮವ್ವ ನಮ್ಮನ್ನು ಬೆಳೆಸಿದ್ದೇ ತೊಳೆದು ತೊಳೆದು. ಅಂಗಳ, ಪಾತ್ರೆ, ನಮ್ಮ ಕಿವಿಯ ಹಿಂಬದಿ, ಉಗುರಿನ ಸಂದು ಯಾವುದನ್ನೂ ಬಿಡುತ್ತಿರಲಿಲ್ಲ. “ಯಾರೂ ಬೆಟ್ಟು ಮಾಡಿ ತೋರಿಸಬಾರ್ದು” ಎನ್ನುತ್ತಿದ್ದಳು. ಆ ಭಯ ನನ್ನ ಕೈಯಲ್ಲಿ ಹಾಗೆಯೇ ಉಳಿದಿದೆ. ಹೊಸ ಬ್ರಷ್ಷು ತಂದೆ. ಪ್ರತಿ ಭಾನುವಾರ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಉಜ್ಜಿ, ಜಲ್ಲಿಯನ್ನೆಲ್ಲ ಮಡಿಯಿಂದ ತೆಗೆದು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ತುಂಬುತ್ತಿದ್ದೆ. ಕಲ್ಲುಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಮೂರನೇ ಭಾನುವಾರ ಕಳೆದು ಬುಧವಾರಕ್ಕೆ ಇಪ್ಪತ್ತಮೂರೂ ಹೋದವು.

ಒಟ್ಟು ನಲವತ್ತಮೂರು ಜೀವ. ಹುಣ್ಣಿಮೆಯ ದಿನ ಪಂಚಶೀಲ ಹೇಳುವ ಮನೆ ನಮ್ಮದು. ಅದರಲ್ಲಿ ಮೊದಲನೆಯದೇ ಕೊಲ್ಲುವುದಿಲ್ಲ ಎಂಬುದು. ನಾವು ಮೀನು ತಿನ್ನುವವರೇ, ಸುಳ್ಳು ಯಾಕೆ ಹೇಳಲಿ. ಆದರೆ ತಿಂದದ್ದು ಒಂದು ಲೆಕ್ಕ, ಸಾಕುತ್ತೇನೆಂದು ತಂದು ಬುದ್ಧಿಯಿಲ್ಲದೆ ಕೊಂದದ್ದು ಇನ್ನೊಂದು ಲೆಕ್ಕ. ತೆಂಗಿನ ಬುಡಕ್ಕೆ ಅವನ್ನು ಹೂಳುವಾಗ ನನಗೆ ಅಳು ಬಂತು. ಯಜಮಾನರು ಬೈಯಲಿಲ್ಲ. “ಇನ್ನೊಂದೇ ಸಲ ನೋಡು. ಆಗಲಿಲ್ಲ ಅಂದ್ರೆ ತೊಟ್ಟಿ ಗುಜರಿಗೆ ಹಾಕೋಣ, ನಿನ್ನ ಮುಖ ನೋಡೋಕಾಗಲ್ಲ” ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಒಂದೇ ಒಂದು ಸಲ ಉಳಿದಿತ್ತು.

ಶುಕ್ರವಾರ ಸಂಜೆ ಬಸ್ಸಿಳಿದು ನೇರವಾಗಿ ಹೊಂಗೆಮರದ ಹತ್ತಿರ ಹೋಗಿ ಮತ್ತೆ ಮೀನು ಕೇಳಿದೆ.

“ತಗಂಡೋದವು ಏನಾದವು?”

“ಸತ್ತವು.”

“ಮುಂಚಿನವು?”

“ಅವೂ ಸತ್ತವು.”

ಅಜ್ಜಿ ಒದ್ದೆ ಕೈಯನ್ನು ಟಬ್ಬಿನಿಂದ ತೆಗೆದು ಮಡಿಲ ಮೇಲೆ ಇಟ್ಟುಕೊಂಡಳು. “ನಿಂಗೆ ಮೀನು ಕೊಡಕ್ಕಿಲ್ಲ ಹೋಗು” ಎಂದಳು. “ನನ್ ಮೀನು ಸಾರಿಗೆ ಸಾಯ್ಲಿ, ಅದಕ್ಕೊಂದು ಗತಿ. ಸುಮ್ಸುಮ್ನೆ ಸಾಯ್ಬಾರ್ದು.”

ಜೀವನವಿಡೀ ಮೀನು ಮಾರಿದವಳು ಕೈಗೆ ಬಂದ ಗಿರಾಕಿಯನ್ನು ಬೇಡ ಎಂದದ್ದು ಅದೊಂದೇ ಸಲವಂತೆ, ಹಣ್ಣಿನವಳು ಆಮೇಲೆ ಹೇಳಿದಳು. ನಾನು ತಲೆ ತಗ್ಗಿಸಿ ಹೊರಟೆ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ, “ಏ ಮೇಡಮ್ಮ, ನಿಲ್ಲು. ನಿನ್ ಅಕ್ಕನ ಫೋನು ನೋಡ್ಕಂಡ್ ಬತ್ತೀನಿ” ಎಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದಳು.

ನಮ್ಮ ಹಿತ್ತಲಿಗೆ ಬಂದವಳು ಮೋಟರು ನೋಡಲಿಲ್ಲ, ಪೈಪು ನೋಡಲಿಲ್ಲ. ತೊಟ್ಟಿಯಲ್ಲಿ ಉಳಿದಿದ್ದ ನೀರಿಗೆ ಕೈ ಅದ್ದಿ ಮೂಗಿನ ಹತ್ತಿರ ತಂದಳು. “ಗಂಜಲ” ಎಂದಳು. ನಾನೂ ಮೂಸಿದೆ. ನಿಜ, ದನದ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಅದೇ ಘಾಟು, ತೆಳ್ಳಗೆ. ಅಮೋನಿಯಾ! ನಾನು ಬೋರ್ಡಿನ ಮೇಲೆ ಬರೆದು ಸುತ್ತ ವೃತ್ತ ಎಳೆಯುತ್ತಿದ್ದ ಅಮೋನಿಯಾ ನನ್ನ ಹಿತ್ತಲಲ್ಲೇ ಇತ್ತು, ನನಗೆ ವಾಸನೆ ಬಡಿದಿರಲಿಲ್ಲ.

“ಮೀನು ಬಾಯಿ ಮ್ಯಾಕೆ ಮಾಡಿದ್ವಾ?”

“ಹೂಂ ಅಜ್ಜಿ, ಹಸಿವಾಗಿದೆ ಅಂತ ಇನ್ನೂ ತಿಂಡಿ ಹಾಕಿದೆ.”

“ಅಯ್ಯೋ ನನ್ ತಾಯೇ! ಅವು ಕೂಳು ಕೇಳ್ತಿರ್ಲಿಲ್ಲ, ಉಸ್ರು ಕೇಳ್ತಿದ್ವು.” ಆಮೇಲೆ ಮಡಿಯ ಜಲ್ಲಿಗೆ ಕೈ ಹಾಕಿ ಒಂದು ಕಲ್ಲನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ಇದೇನ್ ಹಿಂಗೆ ಕಚ್ಚಾ ಕಲ್ಲಾಗೈತೆ? ತೊಳೆದ್ಯಾ?”

ಪ್ರತಿ ಭಾನುವಾರ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿ ಬ್ರಷ್ಷನ್ನೂ ಪೌಡರಿನ ಡಬ್ಬವನ್ನೂ ತೋರಿಸಿದೆ. ಅಜ್ಜಿ ಹಣೆ ಚಚ್ಚಿಕೊಂಡಳು.

“ತೊಳೆದೂ ತೊಳೆದೂ ಕೊಂದೆ ಕಣವ್ವಾ ನೀನು! ಕಲ್ಲಿಗೆ ಲೋಳೆ ಕಟ್ಟಬೇಕು. ಆ ಲೋಳೆನೇ ಗಂಜಲ ತಿನ್ನೋದು. ನೀನು ವಾರಾವಾರ ಅದ್ನ ಉಜ್ಜಿ ಬಿಸಾಕಿದ್ರೆ ನೀರು ಎಲ್ಲಿ ಪಳಗ್ತದೆ? ಸೊಪ್ಪಿಗೆ ಮಡಿ ಬೇಕು, ನೀರಿಗೆ ಮಡಿ ಬ್ಯಾಡ.”

ಇಷ್ಟು ವರ್ಷದಲ್ಲಿ ನಾನು ಕೇಳಿದ ಅತ್ಯುತ್ತಮ ವಿಜ್ಞಾನ ಪಾಠ ಅದು. ಅಮೋನಿಯಾವನ್ನು ಗಿಡ ಉಣ್ಣುವ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ ಮನೆ ಕಟ್ಟಲು ವಾರಗಟ್ಟಲೆ ಬೇಕು ಎಂದು ನನಗೆ ತಿಳಿಯದ್ದೇನಲ್ಲ. ಪುಸ್ತಕದಲ್ಲಿ ಅವು ಒಂದು ಬಾಣದ ಗುರುತು ಅಷ್ಟೇ. ಬಾಣವನ್ನು ನಾನು ಬ್ರಷ್ಷಿನಲ್ಲಿ ಉಜ್ಜಿ ಹಾಕುತ್ತಿದ್ದೆ.

“ಈಗೇನು ಮಾಡ್ಲಿ ಅಜ್ಜಿ?”

“ನೀರಿಗೆ ಹೆಪ್ಪು ಹಾಕ್ಬೇಕು. ಹಾಲಿಗೆ ಹಾಕಲ್ವಾ, ಹಂಗೇಯ. ನನ್ ಮನೆ ಹಿಂದೆ ಕಲ್ಲುಬಾನಿ ಐತೆ. ನಮ್ಮತ್ತೆ ಕಾಲದ್ದು. ಅದರ ತಳದಾಗಿರೋ ಕಲ್ಲು ಒಂದು ಬೊಗಸೆ ತಂದು ಇಲ್ಲಿ ಬೆರೆಸಿದ್ರೆ ಸಾಕು.”

ಅಜ್ಜಿ ಮಾರದೆ ಉಳಿದ ಮೀನುಗಳನ್ನು ಆ ಬಾನಿಯಲ್ಲಿ ಬಿಡುತ್ತಿದ್ದಳು. ವಾರಗಟ್ಟಲೆ ಹಾಯಾಗಿರುತ್ತಿದ್ದವು. ಬಾನಿಯ ಅಂಚಿನಿಂದ ಜಿನುಗಿದ ನೀರಿನಲ್ಲಿ ಕೆಸುವು ಕೊಡೆಯಷ್ಟಗಲ ಎಲೆ ಬಿಟ್ಟಿತ್ತು, ಸುತ್ತ ಒಂದೆಲಗ ಹಬ್ಬಿತ್ತು. ಅಕ್ಕನ ಫೋನು ಆ ಮನೆಯಲ್ಲಿ ಎಷ್ಟು ಕಾಲದಿಂದ ಇತ್ತೋ, ಹೆಸರು ಮಾತ್ರ ಇರಲಿಲ್ಲ. ಇದನ್ನೆಲ್ಲ ನಾನು ನೋಡಿದ್ದು ಆಮೇಲೆ. ಆ ಗಳಿಗೆಯಲ್ಲಿ ಆಸೆಯಿಂದ, “ಈಗಲೇ ಬಂದು ತಗೊಳ್ಳಲಾ?” ಎಂದೆ.

“ಇವತ್ತಾ? ಶುಕ್ರವಾರ, ದೀಪ ಹಚ್ಚೋ ಹೊತ್ತು. ಶುಕ್ರವಾರ ಹೆಪ್ಪು ಕೊಡಕ್ಕಿಲ್ಲ. ನಾಳೆ ಬಾ.”

ನನ್ನ ಮುಖ ಹೇಗಾಯಿತೋ ನನಗೆ ಕಾಣದು. ಅಜ್ಜಿ ಒಂದು ಕ್ಷಣ ನೋಡಿದಳು. ಆಮೇಲೆ ನನ್ನ ಬ್ರಷ್ಷನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. “ಇದು ನನ್ನತ್ರ ಇರ್ಲಿ” ಎಂದು ಹೊರಟುಹೋದಳು.

‘ಹೆಪ್ಪಿಲ್ಲ, ನಾಳೆ ಬಾ’ ಎಂಬ ಮಾತು ನಮ್ಮ ಮನೆಯಲ್ಲಿ ಹಳೆಯದು. ನನಗೆ ಏಳೆಂಟು ವರ್ಷ. ಹಾರನಹಳ್ಳಿ ಕಡೆಯ ಹಳ್ಳಿಯೊಂದರಲ್ಲಿದ್ದೆವು. ಅಪ್ಪನಿಗೆ ಆಗಷ್ಟೇ ಕೆಲಸ ಸಿಕ್ಕಿ, ಕೇರಿ ಬಿಟ್ಟು ಊರೊಳಗೆ ಬಾಡಿಗೆಗೆ ಬಂದಿದ್ದೆವು. ಹೆಪ್ಪು ಕೆಟ್ಟಿತೆಂದು ಅವ್ವ ನನ್ನನ್ನು ಎದುರು ಮನೆಗೆ ಬಟ್ಟಲು ಕೊಟ್ಟು ಕಳಿಸಿದಳು. ಆ ಮನೆಯವರು ಪಡಸಾಲೆಯಲ್ಲೇ ಮೊಸರು ಕಡೆಯುತ್ತಾ ಕೂತಿದ್ದರು. ಕಡೆಗೋಲು ನಿಲ್ಲಿಸದೆ, “ಹೆಪ್ಪಿಲ್ಲ ಕಣಮ್ಮಿ, ನಾಳೆ ಬಾ” ಎಂದರು. ನಾನು ದಡ್ಡಿ, ಮಾರನೇ ದಿನವೂ ಹೋದೆ. ಅದಕ್ಕೂ ಮಾರನೇ ದಿನ ಹೊರಟಾಗ ಅವ್ವ ಬಟ್ಟಲು ಕಿತ್ತುಕೊಂಡಳು. ಅಂದೇ ಹಾಲಿಗೆ ನಾಲ್ಕು ಒಣಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಟ್ಟಳು. ತೊಟ್ಟಿನಿಂದಲೂ ಹಾಲು ಹೆಪ್ಪಾಗುತ್ತದೆ. ತಡವಾಗುತ್ತದೆ, ಮೊದಲ ಸಲ ನೀರುನೀರಾಗಿರುತ್ತದೆ, ಆದರೆ ಆಗುತ್ತದೆ. ಅವತ್ತಿನಿಂದ ನಮ್ಮ ಮನೆ ಯಾರ ಬಾಗಿಲಲ್ಲೂ ಹೆಪ್ಪು ಕೇಳಿಲ್ಲ. ಅವ್ವ ಹೋಗಿ ವರ್ಷಗಳಾದವು, ಮೆಣಸಿನ ತೊಟ್ಟಿನ ಡಬ್ಬಿ ನನ್ನ ಅಡುಗೆಮನೆಯಲ್ಲಿ ಈಗಲೂ ಇದೆ.

ಹಾಗಾಗಿ ಶನಿವಾರ ನಾನು ಹೋಗಬಾರದೆಂದೇ ತೀರ್ಮಾನಿಸಿದ್ದೆ. ಅಜ್ಜಿ ಅಂಥವಳಲ್ಲ ಎಂದು ಬುದ್ಧಿ ಹೇಳುತ್ತಿತ್ತು, ಕಾಲು ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆ ಬೇಗ. ತಲೆ ಬಾಚಿಕೊಳ್ಳುತ್ತಿದ್ದೆ, ಹಿತ್ತಲಿನಲ್ಲಿ ಗೇಟಿನ ಸದ್ದಾಯಿತು. ಅಜ್ಜಿ! ಒದ್ದೆ ಗೋಣಿಚೀಲದ ಗಂಟೊಂದನ್ನು ಎದೆಗವಚಿಕೊಂಡು, ಸೆರಗಿನಿಂದ ಬಿಸಿಲಿಗೆ ಮರೆ ಮಾಡಿಕೊಂಡು, ಬಾಣಂತಿ ಮಗುವನ್ನು ಎತ್ತಿಕೊಂಡ ಹಾಗೆ ನಿಂತಿದ್ದಳು. ಸೀರೆಯ ಮುಂಭಾಗವೆಲ್ಲ ತೊಯ್ದು ಹಸಿರು ನೀರು ಇಳಿಯುತ್ತಿತ್ತು.

“ನೀನು ಬರಕ್ಕಿಲ್ಲ ಅಂತ ಗೊತ್ತಿತ್ತು” ಎಂದಳು. “ನಿನ್ನೆ ಮಖ ನೋಡ್ದೆನಲ್ಲ. ಬೇಗ ತಗಾ, ಹೆಪ್ಪು ಒಣಗಬಾರ್ದು.”

ಬಾಚಣಿಗೆ ಜಗಲಿಯ ಮೇಲಿಟ್ಟು ಗಂಟನ್ನು ಈಸಿಕೊಂಡೆ. ಇಬ್ಬರೂ ಸೇರಿ ಮಡಿಯ ಜಲ್ಲಿಯನ್ನು ಅಲ್ಲಲ್ಲಿ ಬಗೆದು ಆ ಲೋಳೆ ಕಲ್ಲುಗಳನ್ನು ಹೂತೆವು. ಆಮೇಲೆ ಅಜ್ಜಿ ಜಗಲಿಯ ಮೇಲೆ ಕೂತು, “ಮಜ್ಜಿಗೆ ಐತಾ ಒಂದು ಲೋಟ?” ಎಂದು ಕೇಳಿದಳು. ಕೇಳಿಯೇ ಕೇಳಿದಳು, ನಾನು ಕೊಡಬಹುದೋ ಬಾರದೋ ಎಂದು ತೂಗಿ ನೋಡುವ ಮೊದಲೇ. ಮಜ್ಜಿಗೆ ಕುಡಿಯುವಾಗ ಅವ್ವನ ಕತೆ ನನ್ನ ಬಾಯಿಂದ ತಾನಾಗಿ ಬಂತು. ಅದುವರೆಗೆ ಯಜಮಾನರಿಗೆ ಬಿಟ್ಟು ಯಾರಿಗೂ ಹೇಳಿದ್ದಿಲ್ಲ.

ಅಜ್ಜಿ ಲೋಟ ಕೆಳಗಿಟ್ಟಳು. “ನನ್ ಕೈಯಾಗಿನ ಮೀನು ತಗಂತಾರೆ ಎಲ್ರೂವೆ. ನೀರು ಕೊಟ್ರೆ, ಬಾಯಾರಿಕೆ ಇಲ್ಲ ಅಂತಾರೆ” ಎಂದು ನಕ್ಕಳು. ಎಲೆಅಡಿಕೆ ಚೀಲ ಬಿಚ್ಚುತ್ತಾ, “ಮೆಣಸಿನಕಾಯಿ ತೊಟ್ಟಲ್ಲೂ ಮೊಸರಾಯ್ತದೆ. ನಿಧಾನ ಅಷ್ಟೇಯ. ನಿಮ್ಮವ್ವ ಗಟ್ಟಿ ಹೆಂಗಸು ಕಣವ್ವ” ಎಂದಳು. ನಾನು ಒಳಗೆ ಹೋಗಿ ಹಣ ತಂದಾಗ ಕಣ್ಣು ಕೆಂಪಗೆ ಮಾಡಿದಳು. “ಹೆಪ್ಪಿಗೆ ಕಾಸು ಈಸ್ಕಂತಾರಾ? ಓದಿರೋಳು ನೀನು!”

ಒಂದು ತಿಂಗಳು ಕೈ ಕಟ್ಟಿಕೊಂಡು ಕೂರಬೇಕೆಂದು ಅಪ್ಪಣೆಯಾಯಿತು. ಬರೀ ಐದು ಮೀನು ಕೊಟ್ಟಳು. ದಿನಕ್ಕೆ ಚಿಟಿಕೆ ತಿಂಡಿ, ನಲ್ಲಿ ನೀರನ್ನು ಎರಡು ದಿನ ಬಿಸಿಲಿಗಿಟ್ಟು ಹಾಕುವುದು, ಉಜ್ಜುವ ಮಾತೇ ಇಲ್ಲ. ತೊಟ್ಟಿಯ ಒಳಮೈಗೆ ಹಸಿರು ಪಾಚಿ ಕಟ್ಟತೊಡಗಿತು. ಅದನ್ನು ನೋಡಿಕೊಂಡು ಸುಮ್ಮನಿರುವುದು ಎಷ್ಟು ಕಷ್ಟವೆಂದರೆ, ಭಾನುವಾರ ಬಂದರೆ ಕೈ ತುರಿಸುತ್ತಿತ್ತು. ಪಕ್ಕದ ಮನೆಯಾಕೆ ಇಣುಕಿದಾಗಲೆಲ್ಲ ನಾನು ಪಾಚಿಗೆ ಅಡ್ಡ ನಿಲ್ಲುತ್ತಿದ್ದೆ. ಎರಡನೇ ವಾರ ಒಂದು ಮೀನು ಮೇಲೆ ಬಂದು ಬಾಯಿ ತೆರೆಯಿತು. ನನ್ನ ಜೀವವೇ ಬಾಯಿಗೆ ಬಂತು. ತಿಂಡಿ ನಿಲ್ಲಿಸಿದೆ, ಅರ್ಧ ನೀರು ಬದಲಿಸಿದೆ, ಶಾಲೆಗೆ ರಜೆ ಹಾಕಿ ತೊಟ್ಟಿಯ ಪಕ್ಕ ಕೂತೆ. ಸಂಜೆಗೆ ಅದು ತಳಕ್ಕೆ ಇಳಿದು ಬಾಲ ಬಡಿದಾಗ ಯಜಮಾನರಿಗೆ ಫೋನು ಮಾಡಿದೆ. “ಪರೀಕ್ಷೆ ಪಾಸಾಯ್ತಾ ಮೀನು?” ಎಂದರು.

ತಿಂಗಳು ತುಂಬುವ ಹೊತ್ತಿಗೆ ನೀರಿನಲ್ಲಿ ಕೈ ಅದ್ದಿ ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ದಂಟಿನ ಸೊಪ್ಪು ಮೊಣಕಾಲುದ್ದ ಎದ್ದಿತ್ತು. ಮೊದಲ ಕಟ್ಟನ್ನು ಅಜ್ಜಿಗೆ ಒಯ್ದೆ. ಎಲೆ ಒಂದನ್ನು ಹಸಿಯಾಗಿಯೇ ಅಗಿದು, “ಮೀನು ವಾಸ್ನೆ ಇಲ್ಲ” ಎಂದು ಹಣ್ಣಿನವಳ ಕಡೆಗೆ ಚಾಚಿದಳು.

ಅಜ್ಜಿ ಹೇಳಿದ್ದೆಲ್ಲ ವೇದವಾಕ್ಯವೆಂದಲ್ಲ. ಮೋಟರು ಕಂಡರೆ ಅವಳಿಗಾಗದು. ಮೀನಿಗೂ ನಿದ್ದೆ ಬೇಕು, ಆ ಗುರ್ರ್ ಅನ್ನೋದನ್ನ ಆರಿಸು ಎಂದು ಪೀಡಿಸುತ್ತಿದ್ದಳು. ಮೀನು ಮರಿ ಹಾಕಿ ನಲವತ್ತಾದ ಮೇಲೂ ಅವಳ ಮಾತು ಕೇಳಿ ಒಂದು ರಾತ್ರಿ ಆರಿಸಿದೆ. ಬೆಳಿಗ್ಗೆ ಮೂರು ಮೀನು ಹೋಗಿದ್ದವು. ಹೋಗಿ ಹೇಳಿದೆ. ಅವಳು ವಾದಿಸಲಿಲ್ಲ. “ನಂದು ತಪ್ಪು. ನನ್ ಬಾನೀಲಿ ಎಂಟು, ನಿನ್ ತೊಟ್ಟೀಲಿ ನಲವತ್ತು. ಸಂತೆಗೆ ಮನೆ ಲೆಕ್ಕ ಹೇಳ್ದೆ” ಎಂದಳು. ತಪ್ಪೊಪ್ಪಿಕೊಳ್ಳುವುದನ್ನು ಇಷ್ಟು ಸಲೀಸಾಗಿ ಮಾಡುವ ಮೇಷ್ಟ್ರನ್ನು ನಾನು ಸ್ಟಾಫ್ ರೂಮಿನಲ್ಲಿ ಕಂಡಿಲ್ಲ, ನನ್ನನ್ನೂ ಸೇರಿಸಿ.

ಬೆಳೆದ ಮೀನನ್ನು ಕೊಯ್ಯಲು ನನಗೆ ಕೈ ಬರಲಿಲ್ಲ. ಅದಕ್ಕೂ ನಕ್ಕಳು. “ತಿನ್ನೋ ಬಾಯಿಗಿಲ್ಲದ ಪಾಪ ಕೊಯ್ಯೋ ಕೈಗಾ? ಆಯ್ತು, ತಂದ್ಬಿಡು. ನಿನ್ ಮೀನು ನಾನೇ ಮಾರ್ತೀನಿ, ಪಾಪ ನಂಗೇ ಇರ್ಲಿ.” ತೊಟ್ಟಿ ತುಂಬಿದಾಗಲೆಲ್ಲ ಒಂದು ಬಿಂದಿಗೆ ಹೊಂಗೆಮರಕ್ಕೆ ಹೋಗುತ್ತಿತ್ತು. ಒದ್ದೆ ಕೈಯಲ್ಲೇ ಎತ್ತಿ ಟಬ್ಬಿಗೆ ಬಿಡುತ್ತಿದ್ದಳು, ಮರ್ಯಾದೆಯಿಂದ.

ಹೋದ ವರ್ಷ ಕಾರ್ತಿಕದಲ್ಲಿ ಒಂದು ವಾರ ಟಬ್ಬುಗಳು ಬೋರಲಾಗಿದ್ದವು. ಎದೆ ನೋವೆಂದು ಬೇಲೂರಿನಲ್ಲಿರುವ ಮಗಳು ಕರೆದುಕೊಂಡು ಹೋಗಿದ್ದಾಳೆ ಎಂದಳು ಹಣ್ಣಿನವಳು. ಭಾನುವಾರ ಹೋಗಿ ನೋಡಿ ಬರೋಣವೆಂದುಕೊಂಡೆ. ಶುಕ್ರವಾರವೇ ಸುದ್ದಿ ಬಂತು. ಎರಡು ದಿನ ಮುಂಚೆ ಹೋಗದೆ ಹೋದೆನಲ್ಲ ಎಂಬ ನೋವು ಇನ್ನೂ ಇದೆ, ಇರಲಿ.

ತಿಥಿ ಕಳೆದ ಮೇಲೆ ಮಗಳು ಹೆಂಚಿನ ಮನೆ ಖಾಲಿ ಮಾಡಲು ಬಂದಿದ್ದಳು. ನಾನು ಹೋಗುವಷ್ಟರಲ್ಲಿ ಕಲ್ಲುಬಾನಿಯನ್ನು ಬರಿದು ಮಾಡಿ, ಉಜ್ಜಿ ತೊಳೆದು, ಬಿಸಿಲಿಗೆ ಬೋರಲು ಹಾಕಿದ್ದರು. ಎಷ್ಟು ಕಾಲದ ಲೋಳೆಯೋ ಏನೋ. ಅವರದೇನೂ ತಪ್ಪಿಲ್ಲ, ಸಾವಾದ ಮನೆಯನ್ನು ತೊಳೆಯಲೇಬೇಕಲ್ಲ. ಮಗಳು ಒಳಗಿನಿಂದ ನನ್ನ ಬ್ರಷ್ಷು ತಂದಳು. “ಸೂರಿಗೆ ಸಿಕ್ಕಿಸಿತ್ತು ಮೇಡಂ. ‘ಅದು ಮೇಡಮ್ಮಂದು, ಅವ್ಳು ಕೇಳಿದ್ರೂ ಕೊಡ್ಬ್ಯಾಡಿ’ ಅಂತಿತ್ತು ಅವ್ವ.” ಇಬ್ಬರೂ ನಗಲು ಹೋಗಿ ಅತ್ತೆವು. ಬ್ರಷ್ಷನ್ನು ನಾನು ಈಸಿಕೊಳ್ಳಲಿಲ್ಲ.

ದಾರಿಯಲ್ಲಿ ಬರುತ್ತಾ ಹೊಳೆಯಿತು: ಆ ಬಾನಿಯ ಹೆಪ್ಪು ಈಗ ಉಳಿದಿರುವುದು ನನ್ನ ಎರಡು ಮಡಿಗಳಲ್ಲಿ ಮಾತ್ರ.

ಈ ಬೇಸಿಗೆಯ ಒಂದು ಸಂಜೆ. ನಾವು ಮೂರು ದಿನ ನಾದಿನಿಯ ಊರಿಗೆ ಹೋಗಿ ಆಗಷ್ಟೇ ಬಂದಿದ್ದೆವು. ಮೊಸರೆಲ್ಲ ಹುಳಿ ಬಂದು ಕೆಟ್ಟಿತ್ತು. ಚೆಲ್ಲಿ ಪಾತ್ರೆ ತೊಳೆಯುತ್ತಿದ್ದೆ, ಹಿತ್ತಲಿನ ಗೇಟು ಕಿರ್ ಎಂದಿತು. ಪಕ್ಕದ ಮನೆಯಾಕೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಕಾಂಪೌಂಡಿನ ಈಚೆಗೆ ನಿಂತಿದ್ದರು.

“ಟೀಚರೇ, ನಾವೂ ನಿಮ್ಮ ತರ ಒಂದು ತೊಟ್ಟಿ ಮಾಡಿದ್ವಿ. ಮೀನು ಬಿಟ್ಟು ಐದು ದಿನ. ಬೆಳಿಗ್ಗೆಯಿಂದ ಬಾಯಿ ಬಾಯಿ ಬಿಡ್ತಾ ಅವೆ. ಆ ಮೀನಜ್ಜಿ ಏನೋ ಅಂತಿತ್ತಲ್ಲ, ನೀರಿಗೆ ಹೆಪ್ಪು ಅಂತ... ಕಾಂಪೌಂಡ್ ಮ್ಯಾಲಿಂದ ಕೇಳಿಸ್ತಿತ್ತು.” ಸೆರಗಿನ ತುದಿ ತಿರುವುತ್ತಾ ಕೊನೆಗೆ ಅಂದರು, “ಶುಕ್ರವಾರ, ಕೇಳಬಾರ್ದು. ನಾಳೆ ಬರ್ಲಾ?”

‘ನಾಳೆ ಬಾ’ ಎಂಬ ಮಾತನ್ನು ನನ್ನ ಜನ್ಮದಲ್ಲಿ ನಾನು ಯಾರಿಗೂ ಹೇಳಲಾರೆ. “ನಾಳೆ ತಂಕ ಮೀನು ತಡೆಯಲ್ಲ ಕಣ್ರೀ” ಎಂದು ಸ್ಟೀಲಿನ ಬೋಗುಣಿ ತಂದೆ. ಮಡಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಲೋಳೆ ಕಟ್ಟಿದ ಕಲ್ಲು ಬೊಗಸೆ ತುಂಬ ತೆಗೆದು, ಒದ್ದೆ ಬಟ್ಟೆ ಮುಚ್ಚಿ ಕೊಟ್ಟೆ. ತಿಂಡಿ ನಿಲ್ಲಿಸಿ, ಅರ್ಧ ನೀರು ಬದಲಿಸಿ, ಬ್ರಷ್ಷು ಮುಟ್ಟಬೇಡಿ ಎಂದು ಬಾಯಿಪಾಠ ಒಪ್ಪಿಸಿದೆ. ಅವರು ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಮಾರನೇ ಸಂಜೆ ಬೋಗುಣಿ ತಿರುಗಿ ಬಂತು. ಬರಿದಾದ ಪಾತ್ರೆ ಹಿಂತಿರುಗಿಸುವವರುಂಟೇ? ಕಂಠದವರೆಗೆ ಕೆನೆಗಟ್ಟಿದ ಮೊಸರು. “ಮೀನು ತಳಕ್ಕೆ ಇಳಿದ್ವು ಟೀಚರೇ. ನಮ್ಮನೆ ಹಸುವಿಂದು ಇದು, ತಗಳಿ. ಹೆಪ್ಪಿಗೂ ಆಯ್ತದೆ” ಎಂದರು. ಒಳಗೆ ಬನ್ನಿ ಎಂದೆ. ಬಂದರು. ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿದರು.

ಅಂದು ಹಾಲು ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಆ ಮೊಸರಿನಲ್ಲಿ ಒಂದು ಚಮಚ ತೆಗೆದು ಹೆಪ್ಪು ಹಾಕಿದೆ. ಮೆಣಸಿನ ತೊಟ್ಟಿನ ಡಬ್ಬಿಯನ್ನು ಮುಟ್ಟಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಇದನ್ನು ಇಬ್ಬರಿಗೆ ಹೇಳಬೇಕಿತ್ತು. ಅವ್ವ ಇಲ್ಲ, ಹೊಂಗೆಮರದ ಕೆಳಗೂ ಯಾರಿಲ್ಲ. ತೊಟ್ಟಿಯ ಹತ್ತಿರ ಹೋಗಿ ನೀರಿಗೆ ಕೈ ಅದ್ದಿ ನಿಂತೆ. ಅಜ್ಜಿ ಇದ್ದಿದ್ದರೆ ಎಲ್ಲ ಕೇಳಿಸಿಕೊಂಡು ಮೊದಲು ಏನನ್ನುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತು.

“ಶುಕ್ರವಾರ ಹೆಪ್ಪು ಕೊಟ್ಯಾ? ಥೂ, ಓದಿರೋಳು ನೀನು!”